ಸಾಲ ಕೊಟ್ಟ ಕಂಪನಿಯಿಂದ ನಿಮ್ಮ ಮಾಹಿತಿ ಸೋರಿದೆಯಾ? ಕೊಡಗಿನಲ್ಲಿ ಕೂತೇ ಮಾಡಬಹುದಾದ ಕಾನೂನು ಕೆಲಸಗಳು

ಒಡವೆ ಸಾಲ ಕೊಟ್ಟ ಕಂಪನಿ, ಜೀಪಿಗೆ ಫೈನಾನ್ಸ್ ಮಾಡಿದ ಕಂಪನಿ, ಇನ್ಶೂರೆನ್ಸ್ ಕಂಪನಿ, ಮೊಬೈಲ್‌ನಲ್ಲೇ ಸಾಲ ಕೊಡುವ ಆ್ಯಪ್. ಕಂಪನಿ ಬೇರೆ ಬೇರೆ, ಕೇಳುವ ಪ್ರಶ್ನೆ ಮಾತ್ರ ಒಂದೇ. "ನಮ್ಮ ಮಾಹಿತಿ ಲೀಕ್ ಆಗಿದೆಯಂತೆ. ಕೇಸ್ ಹಾಕಬಹುದಾ? ಪರಿಹಾರ ಸಿಗುತ್ತಾ? ಅದಕ್ಕೆ ಬೆಂಗಳೂರಿಗೆ ಅಲೆಯಬೇಕಾ?" ಗೋಣಿಕೊಪ್ಪದಿಂದಲೂ ಇದೇ ಪ್ರಶ್ನೆ, ಶನಿವಾರಸಂತೆಯಿಂದಲೂ ಇದೇ ಪ್ರಶ್ನೆ. ಒಬ್ಬೊಬ್ಬರಿಗೆ ಉತ್ತರಿಸುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಮೊದಲೇ ನೇರವಾಗಿ ಹೇಳಿಬಿಡುತ್ತೇನೆ. ಕೇಸ್ ಹಾಕಬಹುದು. ಮುಕ್ಕಾಲು ಪಾಲು ಕೆಲಸ ಮಡಿಕೇರಿಯಲ್ಲಿ ಅಥವಾ ಮನೆಯಿಂದಲೇ ಆಗುತ್ತದೆ. ಆದರೆ ಸುಮ್ನೆ ಮಾಹಿತಿ ಸೋರಿತು ಅನ್ನುವ ಒಂದೇ ಕಾರಣಕ್ಕೆ ದೊಡ್ಡ ಮೊತ್ತ ಸಿಗುವುದು ನಮ್ಮ ದೇಶದಲ್ಲಿ ಕಷ್ಟ. ಸೋರಿದ್ದರಿಂದ ನಿಮಗೆ ಏನು ನಷ್ಟ ಆಯಿತು, ಅದನ್ನು ನೀವು ಯಾವ ದಿನ ಬರವಣಿಗೆಯಲ್ಲಿ ತಿಳಿಸಿದಿರಿ, ಈ ಎರಡರ ಮೇಲೆ ಎಲ್ಲವೂ ನಿಂತಿದೆ. ಅದರಲ್ಲೂ ದಿನಾಂಕ. ಕೆಳಗೆ ಬಹುತೇಕ ಪ್ರತಿ ಹಂತದಲ್ಲೂ ಒಂದು ಗಡುವು ಇದೆ, ಗಮನಿಸಿ.

ನಿಮ್ಮ ಸ್ಥಿತಿ ಈ ಮೂರರಲ್ಲಿ ಯಾವುದು ಅಂತ ಮೊದಲು ಗೊತ್ತು ಮಾಡಿಕೊಳ್ಳಿ. ಒಂದು, ಮಾಹಿತಿ ಸೋರಿದೆ, ಹಣ ಹೋಗಿಲ್ಲ. ಎರಡು, ಖಾತೆಯಿಂದ ಹಣ ಹೋಗಿದೆ. ಮೂರು, ನಿಮ್ಮ ಹೆಸರಿನಲ್ಲಿ ಯಾರೋ ಸಾಲ ಎತ್ತಿದ್ದಾರೆ. ಎರಡನೆಯದಾದರೆ ಮುಂದಿನದನ್ನೆಲ್ಲ ಆಮೇಲೆ ಓದಿ. ಈಗಲೇ 1930ಕ್ಕೆ ಫೋನ್ ಮಾಡಿ, ಹಂತ 3ಕ್ಕೆ ಹೋಗಿ.

ಹಂತ 1: ಬಂದ ಸುದ್ದಿ ನಿಜವೇ ನೋಡಿ

"ನಿಮ್ಮ ಮಾಹಿತಿ ಸೋರಿದೆ, ಪರಿಹಾರಕ್ಕೆ ಈ ಲಿಂಕ್ ಒತ್ತಿ" ಅಂತ ಬರುವ ಮೆಸೇಜ್ ಎಷ್ಟೋ ಸಲ ಸ್ವತಃ ಮೋಸದ್ದೇ. ಲಿಂಕ್ ಒತ್ತಬೇಡಿ. ಕಂಪನಿಯ ವೆಬ್‌ಸೈಟ್ ವಿಳಾಸವನ್ನು ಸಾಲದ ಪತ್ರ ಅಥವಾ ಪಾಲಿಸಿ ಪತ್ರದಲ್ಲಿ ನೋಡಿ, ನೀವೇ ಟೈಪ್ ಮಾಡಿ. ಗ್ರಾಹಕ ಸೇವೆಯ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ. ಮೇಲೆ ಕಾಣುವ ನಂಬರ್ ಕಳ್ಳರೇ ಹಾಕಿದ್ದಿರಬಹುದು.

ಲೀಕ್ ಅಂದರೆ ಹ್ಯಾಕರ್ ಕೆಲಸ ಮಾತ್ರ ಅಲ್ಲ. ಸಂಘದ ಸಾಲಕ್ಕೆ ಅಂತ ಏಜೆಂಟ್ ತೆಗೆದುಕೊಂಡು ಹೋದ ಆಧಾರ್ ಜೆರಾಕ್ಸ್ ಬೇರೆಯವರ ಕೈ ಸೇರಿದರೆ ಅದೂ ಸೋರಿಕೆಯೇ. ಕಂಪನಿಯ ಒಳಗಿನವರೇ ಗ್ರಾಹಕರ ಪಟ್ಟಿ ಮಾರಿದರೂ ಅಷ್ಟೇ. ಇವಕ್ಕೂ ಕಾನೂನಿನಲ್ಲಿ ದಾರಿ ಇದೆ.

ಹಂತ 2: ಇದ್ದ ಬದ್ದ ಬಾಗಿಲು ಮುಚ್ಚಿ

ಇದು ಅರ್ಧ ಗಂಟೆಯ ಕೆಲಸ. ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್, ಯುಪಿಐ ಪಿನ್ ಬದಲಿಸಿ. ಕಾರ್ಡ್ ನಂಬರ್ ಸೋರಿದ್ದರೆ ಕಾರ್ಡನ್ನೇ ಬ್ಲಾಕ್ ಮಾಡಿ ಹೊಸದು ತರಿಸಿಕೊಳ್ಳಿ. ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ನೋಡಿ. ಗುರುತಿಲ್ಲದ ನಂಬರ್ ಕಂಡರೆ ಅಲ್ಲೇ "ಇದು ನನ್ನದಲ್ಲ" ಅಂತ ತಿಳಿಸಬಹುದು.

ಆಧಾರ್ ಸೋರಿದ್ದರೆ ಬೆರಳಚ್ಚನ್ನು ಲಾಕ್ ಮಾಡಿ. ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಆಗುತ್ತದೆ. ಬೆರಳು ಒತ್ತಿಸಿ ಖಾತೆಯಿಂದ ಹಣ ತೆಗೆಯುವ ಪದ್ಧತಿ ಹಳ್ಳಿಗಳಲ್ಲಿ ಇದೆಯಲ್ಲ, ಅದನ್ನೇ ಕಳ್ಳರು ಬಳಸುತ್ತಾರೆ. 2023ರಲ್ಲಿ ಕರ್ನಾಟಕದಲ್ಲಿ ಜಮೀನು ನೋಂದಣಿ ಪತ್ರಗಳ ಮೇಲಿನ ಬೆರಳಚ್ಚನ್ನು ನಕಲು ಮಾಡಿ ಹಣ ದೋಚಿದ ಪ್ರಕರಣಗಳು ಬಯಲಾಗಿದ್ದವು. ತೋಟ ಕೊಂಡವರು, ಪಾಲು ಪತ್ರ ಮಾಡಿಸಿದವರು ಎಲ್ಲರ ಬೆರಳಚ್ಚೂ ಆ ಪತ್ರಗಳಲ್ಲಿ ಇರುತ್ತದೆ.

ಎಚ್ಚರಿಕೆ: ಬೆರಳಚ್ಚು ಲಾಕ್ ಇದ್ದಾಗ ರೇಷನ್ ಅಂಗಡಿಯಲ್ಲೂ ಬೆರಳು ತೆಗೆದುಕೊಳ್ಳುವುದಿಲ್ಲ. ರೇಷನ್ ತರುವ ದಿನ ತಾತ್ಕಾಲಿಕವಾಗಿ ಲಾಕ್ ತೆಗೆಯಬೇಕು. ತೋಟದ ಲೈನ್‌ಮನೆಗಳಲ್ಲಿ ಇರುವ ಕೆಲಸದವರಿಗೆ ಲಾಕ್ ಮಾಡಿಕೊಡುವಾಗ ಈ ಮಾತನ್ನೂ ಹೇಳಿ. ಇಲ್ಲದಿದ್ದರೆ ಅವರು ಅಂಗಡಿ ಮುಂದೆ ನಿಂತು ವಾಪಸ್ ಬರಬೇಕಾಗುತ್ತದೆ.

ಹಂತ 3: ಹಣ ಹೋಗಿದ್ದರೆ 1930, ತಕ್ಷಣ ಬ್ಯಾಂಕ್

1930 ಕೇಂದ್ರ ಸರ್ಕಾರದ ಸೈಬರ್ ವಂಚನೆ ಸಹಾಯವಾಣಿ. ಹೋದ ಹಣ ಇನ್ನೂ ಯಾವುದೋ ಖಾತೆಯಲ್ಲಿ ಕೂತಿದ್ದರೆ ಅದನ್ನು ತಡೆಹಿಡಿಸುವ ವ್ಯವಸ್ಥೆ ಇದರ ಹಿಂದಿದೆ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ನಿಮಿಷಗಳಲ್ಲಿ ಓಡುತ್ತದೆ. ಹಾಗಾಗಿ ನಾಳೆ ಬೆಳಗ್ಗೆ ಮಾಡೋಣ ಅನ್ನಬೇಡಿ. ಕರೆ ಮಾಡುವಾಗ ವಹಿವಾಟಿನ ನಂಬರ್, ಸಮಯ, ಮೊತ್ತ ಕೈಯಲ್ಲಿರಲಿ. ಅವರು ಕೊಡುವ ದೂರು ಸಂಖ್ಯೆ ಬರೆದಿಟ್ಟುಕೊಳ್ಳಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಪೋರ್ಟಲ್‌ನಲ್ಲೂ ದೂರು ಕೊಡಬಹುದು.

ಆಮೇಲೆ ಬ್ಯಾಂಕ್. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಜನ ತಮ್ಮ ಹಕ್ಕನ್ನು ಅತಿ ಹೆಚ್ಚು ಕಳೆದುಕೊಳ್ಳುವುದು ಇದೇ ಜಾಗದಲ್ಲಿ.

ಆರ್‌ಬಿಐ 2017ರ ಜುಲೈನಲ್ಲಿ ಒಂದು ಸುತ್ತೋಲೆ ಹೊರಡಿಸಿತು. ಗ್ರಾಹಕರ ಅನುಮತಿ ಇಲ್ಲದೆ ಹಣ ಹೋದರೆ ನಷ್ಟ ಯಾರು ಹೊರಬೇಕು ಅಂತ ಅದರಲ್ಲಿದೆ. ತಪ್ಪು ಬ್ಯಾಂಕಿನದಾದರೆ ನಿಮ್ಮ ಹೊಣೆ ಸೊನ್ನೆ. ತಪ್ಪು ಬ್ಯಾಂಕಿನದೂ ಅಲ್ಲ, ನಿಮ್ಮದೂ ಅಲ್ಲ, ವ್ಯವಸ್ಥೆಯಲ್ಲಿ ಬೇರೆಲ್ಲೋ ಆಗಿದೆ ಅಂದರೆ 3 ಕೆಲಸದ ದಿನಗಳ ಒಳಗೆ ತಿಳಿಸಿದರೆ ಆಗಲೂ ಸೊನ್ನೆ. ಫೈನಾನ್ಸ್ ಕಂಪನಿಯಿಂದ ಸೋರಿದ ಮಾಹಿತಿ ಬಳಸಿ, ನೀವು ಏನೂ ಹೇಳದೆಯೇ ನಿಮ್ಮ ಬ್ಯಾಂಕ್ ಖಾತೆಯಿಂದ ಹಣ ಎತ್ತಿದರೆ ಈ ಎರಡನೇ ನಿಯಮವನ್ನೇ ಹಿಡಿಯಬೇಕು.

4ರಿಂದ 7 ಕೆಲಸದ ದಿನಗಳಲ್ಲಿ ತಿಳಿಸಿದರೆ ನಿಮ್ಮ ಪಾಲಿಗೂ ಸ್ವಲ್ಪ ನಷ್ಟ ಬೀಳುತ್ತದೆ. ಮೂಲ ಉಳಿತಾಯ ಖಾತೆಗೆ (ಕನಿಷ್ಠ ಹಣ ಇಡಬೇಕಿಲ್ಲದ, ಜನಧನ್ ಥರದ ಖಾತೆ) ಗರಿಷ್ಠ 5,000 ರೂಪಾಯಿ. ಸಾಮಾನ್ಯ ಉಳಿತಾಯ ಖಾತೆಗೆ 10,000. 5 ಲಕ್ಷಕ್ಕಿಂತ ಜಾಸ್ತಿ ಮಿತಿಯ ಕ್ರೆಡಿಟ್ ಕಾರ್ಡ್‌ಗೆ 25,000. 7 ದಿನ ದಾಟಿದರೆ ಬ್ಯಾಂಕಿನ ಸ್ವಂತ ನೀತಿ ಏನು ಹೇಳುತ್ತದೋ ಅದು.

ಈ ದಿನಗಳನ್ನು ಎಣಿಸುವುದು ಹೇಗೆ? ಬ್ಯಾಂಕಿನ ಮೆಸೇಜ್ ನಿಮಗೆ ತಲುಪಿದ ದಿನವನ್ನು ಬಿಟ್ಟು ಎಣಿಸಬೇಕು. ನಿಮ್ಮ ಶಾಖೆ ತೆರೆದಿರುವ ದಿನಗಳು ಮಾತ್ರ ಲೆಕ್ಕ. ಮೆಸೇಜ್ ಶುಕ್ರವಾರ ಬಂತು, ಮರುದಿನ ಎರಡನೇ ಶನಿವಾರ, ಆಮೇಲೆ ಭಾನುವಾರ ಅಂತಿಟ್ಟುಕೊಳ್ಳಿ. ಸೋಮವಾರ ಒಂದು, ಮಂಗಳವಾರ ಎರಡು, ಬುಧವಾರ ಮೂರು. ಪುತ್ತರಿಗೋ ಇನ್ನಾವುದಕ್ಕೋ ಶಾಖೆಗೆ ರಜೆ ಇದ್ದರೆ ಆ ದಿನವೂ ಲೆಕ್ಕಕ್ಕಿಲ್ಲ.

ನಮ್ಮ ಕಡೆ ಇನ್ನೊಂದು ತೊಂದರೆ ಇದೆ. ಜುಲೈ ಮಳೆಗೆ ಕರೆಂಟ್ ಹೋದರೆ ಟವರ್ ಕೂಡ ಹೋಗುತ್ತದೆ. ಭಾಗಮಂಡಲದ ಕಡೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಎರಡು ದಿನ ರೇಂಜ್ ಇಲ್ಲ, ಮೂರನೇ ದಿನ ಮೆಸೇಜ್‌ಗಳು ಒಟ್ಟಿಗೆ ಬಂದು ಬೀಳುತ್ತವೆ. ನಿಯಮದಲ್ಲಿ ಇರುವುದು ಮೆಸೇಜ್ "ತಲುಪಿದ" ದಿನ. ಆದರೆ ಬ್ಯಾಂಕ್ ತಾನು ಕಳಿಸಿದ ದಿನವನ್ನೇ ಹಿಡಿದು ವಾದ ಮಾಡಬಹುದು. ಹಾಗಾಗಿ ರೇಂಜ್ ಬಂದ ಕೂಡಲೇ ತಿಳಿಸಿ. ದೂರಿನಲ್ಲೇ "ಇಂಥ ದಿನದಿಂದ ಇಂಥ ದಿನದವರೆಗೆ ನಮ್ಮ ಊರಿನಲ್ಲಿ ನೆಟ್‌ವರ್ಕ್ ಇರಲಿಲ್ಲ, ಮೆಸೇಜ್ ನನಗೆ ಇಂಥ ದಿನ ತಲುಪಿತು" ಅಂತ ಬರೆಯಿರಿ. ಕರೆಂಟ್ ಹೋಗಿದ್ದಕ್ಕೆ ಲೈನ್‌ಮನ್‌ಗೆ ಕೊಟ್ಟ ದೂರಿನ ನಂಬರ್ ಇದ್ದರೆ ಅದನ್ನೂ ಸೇರಿಸಿ.

ತಿಳಿಸಿದ ಮೇಲೆ ಬ್ಯಾಂಕ್ 10 ಕೆಲಸದ ದಿನಗಳ ಒಳಗೆ ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಹಾಕಬೇಕು. 90 ದಿನಗಳ ಒಳಗೆ ದೂರು ಇತ್ಯರ್ಥ ಮಾಡಬೇಕು. ತಪ್ಪು ನಿಮ್ಮದು ಅಂತ ಸಾಬೀತು ಮಾಡುವ ಹೊಣೆ ಬ್ಯಾಂಕಿನ ಮೇಲಿದೆ, ನಿಮ್ಮ ಮೇಲಲ್ಲ. ಕೌಂಟರ್‌ನಲ್ಲಿ ಯಾರಾದರೂ ಬೇರೆ ಥರ ಹೇಳಿದರೆ 2017ರ ಸುತ್ತೋಲೆ ಅಂತ ನೆನಪಿಸಿ.

ಎಚ್ಚರಿಕೆ: ಓಟಿಪಿ, ಪಿನ್ ನೀವೇ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವ ತನಕ ಆದ ನಷ್ಟ ನಿಮ್ಮದೇ. ತಿಳಿಸಿದ ಮೇಲೆ ಹೋದ ಹಣದ ಹೊಣೆ ಬ್ಯಾಂಕಿನದು. ಅಂದರೆ ಓಟಿಪಿ ಹೇಳಿಬಿಟ್ಟೆ ಅನ್ನುವ ನಾಚಿಕೆಯಲ್ಲಿ ಸುಮ್ಮನೆ ಕೂತಷ್ಟೂ ನಷ್ಟ ಬೆಳೆಯುತ್ತದೆ. ಹೇಳಿದ್ದರೆ ಹೇಳಿದೆ ಅಂತಲೇ ಬರೆಯಿರಿ. ಕರೆ ಮಾಡಿದವನಿಗೆ ನಿಮ್ಮ ಸಾಲದ ನಂಬರ್, ಕಂತಿನ ಮೊತ್ತ ಎಲ್ಲ ಮೊದಲೇ ಗೊತ್ತಿತ್ತು ಅಂದರೆ ಅದನ್ನೂ ತಪ್ಪದೆ ಬರೆಯಿರಿ. ಆ ವಿವರ ಅವನಿಗೆ ಎಲ್ಲಿಂದ ಸಿಕ್ಕಿತು ಅನ್ನುವುದೇ ಮುಂದೆ ನಿಮ್ಮ ಕೇಸಿನ ಬೆನ್ನೆಲುಬು.

ಹಂತ 4: ಕಂಪನಿಗೆ ಬರೆಯಿರಿ. ಫೋನ್ ಸಾಲದು

"ಹತ್ತು ಸಲ ಫೋನ್ ಮಾಡಿದೆ" ಅನ್ನುವುದಕ್ಕೆ ಯಾವ ಕಚೇರಿಯಲ್ಲೂ ಬೆಲೆ ಇಲ್ಲ. ಕಂಪನಿಯ ವೆಬ್‌ಸೈಟ್‌ನಲ್ಲಿ ದೂರು ಪರಿಹಾರ ಅಧಿಕಾರಿಯ ಹೆಸರು, ಇಮೇಲ್ ಇರಲೇಬೇಕು. 2011ರ ಐಟಿ (ಮಾಹಿತಿ ತಂತ್ರಜ್ಞಾನ) ನಿಯಮಗಳ ಪ್ರಕಾರ ಆ ಅಧಿಕಾರಿ ಒಂದು ತಿಂಗಳ ಒಳಗೆ ದೂರು ಬಗೆಹರಿಸಬೇಕು. ಇಮೇಲ್ ಮಾಡಿ, ಅದೇ ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲೂ ಹಾಕಿ. ಸ್ವೀಕೃತಿ ಚೀಟಿ ಜೋಪಾನ.

ಪತ್ರ ಉದ್ದ ಬೇಡ. ಹೀಗೆ ಬರೆದರೆ ಸಾಕು:

"ನಾನು ನಿಮ್ಮ ಗ್ರಾಹಕ. ನನ್ನ ಸಾಲದ ಖಾತೆಯ ಕೊನೆಯ ನಾಲ್ಕು ಅಂಕಿ ಇಂತಿಷ್ಟು. ನನ್ನ ಮಾಹಿತಿ ನಿಮ್ಮಲ್ಲಿಂದ ಸೋರಿದೆ ಎಂದು ಇಂಥ ದಿನ, ಇಂಥ ಮೂಲಕ ನನಗೆ ತಿಳಿಯಿತು. ಇವಕ್ಕೆ ಲಿಖಿತ ಉತ್ತರ ಕೊಡಿ. ನನ್ನ ಯಾವ ಯಾವ ಮಾಹಿತಿ ಸೋರಿದೆ? ಯಾವ ದಿನ ಸೋರಿತು, ನಿಮಗೆ ಯಾವ ದಿನ ಗೊತ್ತಾಯಿತು? ಆ ಮಾಹಿತಿಯನ್ನು ನೀವು ಬೇರೆ ಯಾವ ಸಂಸ್ಥೆಗೆ ಕೊಟ್ಟಿದ್ದಿರಿ? ಅದನ್ನು ತಡೆಯಲು ಏನು ಮಾಡಿದ್ದೀರಿ? ಇದರಿಂದ ನನಗೆ ಇಷ್ಟು ರೂಪಾಯಿ ನಷ್ಟವಾಗಿದೆ, ವಿವರ ಲಗತ್ತಿಸಿದ್ದೇನೆ. 30 ದಿನಗಳ ಒಳಗೆ ಭರಿಸಿಕೊಡಿ. ಇಲ್ಲದಿದ್ದರೆ ಕಾನೂನು ಕ್ರಮಕ್ಕೆ ಮುಂದಾಗುತ್ತೇನೆ."

ಕನ್ನಡದಲ್ಲೇ ಬರೆಯಬಹುದು. ಕಂಪನಿಯ ಮುಖ್ಯ ಕಚೇರಿ ಮುಂಬೈನಲ್ಲೋ ಚೆನ್ನೈನಲ್ಲೋ ಇದ್ದರೆ ಜೊತೆಗೆ ಇಂಗ್ಲಿಷ್ ಪ್ರತಿ ಇಟ್ಟರೆ ಉತ್ತರ ಬೇಗ ಬರುತ್ತದೆ. ಪತ್ರದಲ್ಲಿ ಬೈಗುಳ, ಬೆದರಿಕೆ ಬೇಡ. ನಾಳೆ ಇದೇ ಪತ್ರ ಗ್ರಾಹಕ ಆಯೋಗದ ಮೇಜಿನ ಮೇಲೆ ಇರುತ್ತದೆ. ನಿಮ್ಮ ಪೂರ್ತಿ ಆಧಾರ್ ನಂಬರ್, ಕಾರ್ಡ್ ನಂಬರ್ ಅದರಲ್ಲಿ ಮತ್ತೆ ಬರೆಯಬೇಡಿ. ಸೋರಿದ್ದು ಸಾಕಲ್ವಾ.

ಹಂತ 5: ಪೊಲೀಸ್ ದೂರು

ಕೊಡಗಿಗೆ ಮಡಿಕೇರಿಯಲ್ಲಿ ಸಿಇಎನ್ ಠಾಣೆ ಇದೆ. ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳನ್ನು ನೋಡುವ ಠಾಣೆ ಇದು. ಆದರೆ ದೂರನ್ನು ನಿಮ್ಮ ಹತ್ತಿರದ ಯಾವ ಠಾಣೆಯಲ್ಲಾದರೂ ಕೊಡಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಪೊಲೀಸ್ ತನಿಖೆ, ಕ್ರಿಮಿನಲ್ ಕೋರ್ಟ್ ಕ್ರಮ ಹೇಳುವ ಕಾಯ್ದೆ) ಪ್ರಕಾರ ಘಟನೆ ಯಾವ ವ್ಯಾಪ್ತಿಯಲ್ಲಿ ನಡೆದಿದ್ದರೂ ದೂರು ದಾಖಲಿಸಬೇಕು. ಆನ್‌ಲೈನ್‌ನಲ್ಲಿ ಕಳಿಸಿದರೆ 3 ದಿನಗಳ ಒಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ನಿಮಗೆ ಉಚಿತ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಮಡಿಕೇರಿಯ ಎಸ್‌ಪಿ ಕಚೇರಿಗೆ ಬರೆಯಿರಿ. ಅದೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಹೋಗಬಹುದು.

ಐಟಿ ಕಾಯ್ದೆಯ ಮೂರು ಸೆಕ್ಷನ್‌ಗಳು ನೆನಪಿರಲಿ. 66ಸಿ ಎಂದರೆ ಬೇರೆಯವರ ಗುರುತು ಕದ್ದು ಬಳಸುವುದು. 66ಡಿ ಎಂದರೆ ಇನ್ನೊಬ್ಬರಂತೆ ನಟಿಸಿ ಮೋಸ ಮಾಡುವುದು. 72ಎ ಎಂದರೆ ಒಪ್ಪಂದದ ಮೇಲೆ ಕೈಗೆ ಬಂದ ಮಾಹಿತಿಯನ್ನು ಬೇಕಂತಲೇ ಹೊರಗೆ ಬಿಡುವುದು. ಪಟ್ಟಿ ಮಾರಿದ ಏಜೆಂಟ್‌ಗೆ ಹೊಂದುವುದು ಈ ಕೊನೆಯದು.

1930ರ ಮೂಲಕ ತಡೆಹಿಡಿದ ಹಣ ತಾನಾಗಿ ನಿಮ್ಮ ಖಾತೆಗೆ ಬಂದುಬಿಡುತ್ತದೆ ಅಂತ ಎಷ್ಟೋ ಜನ ಕಾಯುತ್ತಾ ಕೂರುತ್ತಾರೆ. ಬಹಳ ಸಲ ಹಾಗೆ ಬರುವುದಿಲ್ಲ. ಆ ಹಣ ಬಿಡಿಸಿಕೊಡಿ ಅಂತ ಸುರಕ್ಷಾ ಸಂಹಿತೆಯ 503ನೇ ಸೆಕ್ಷನ್ ಅಡಿ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕಾಗುತ್ತದೆ. ಎಷ್ಟು ಹಣ, ಯಾವ ಖಾತೆಯಲ್ಲಿ ನಿಂತಿದೆ ಅಂತ ತನಿಖಾಧಿಕಾರಿಯ ಬಳಿ ಕೇಳಿ ಬರೆದುಕೊಳ್ಳಿ.

ಸ್ಕ್ರೀನ್‌ಶಾಟ್ ಪ್ರಿಂಟ್ ಹಾಕಿಸಿದರೆ ಸಾಕ್ಷಿ ಆಯಿತು ಅಂದುಕೊಳ್ಳಬೇಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರವೂ ಜೊತೆಗಿರಬೇಕು. ಇದು ಯಾವ ಫೋನಿನಿಂದ, ಹೇಗೆ ತೆಗೆದದ್ದು ಅಂತ ಹೇಳುವ ನಮೂನೆ. ವಕೀಲರ ಬಳಿ ಅಥವಾ ಠಾಣೆಯಲ್ಲಿ ಕೇಳಿ. ಮೂಲ ಮೆಸೇಜ್ ಅಳಿಸಬೇಡಿ, ಫೋನ್ ಮಾರಬೇಡಿ.

ಹಂತ 6: ಒಂಬುಡ್ಸ್‌ಮನ್

ಒಂಬುಡ್ಸ್‌ಮನ್ ಎಂದರೆ ಕೋರ್ಟ್ ಅಲ್ಲದ, ಶುಲ್ಕ ಇಲ್ಲದ ದೂರು ತೀರ್ಪುಗಾರ. ಯಾವ ಕಂಪನಿಗೆ ಯಾರು ಅನ್ನುವುದರಲ್ಲೇ ಗೊಂದಲ ಜಾಸ್ತಿ.

ಬ್ಯಾಂಕ್, ದೊಡ್ಡ ಫೈನಾನ್ಸ್ ಕಂಪನಿ, ವ್ಯಾಲೆಟ್ ಕಂಪನಿಗಳಿಗೆ ಆರ್‌ಬಿಐ ಒಂಬುಡ್ಸ್‌ಮನ್. ಸಿಎಂಎಸ್ ಡಾಟ್ ಆರ್‌ಬಿಐ ಡಾಟ್ ಆರ್ಗ್ ಡಾಟ್ ಇನ್‌ನಲ್ಲಿ ದೂರು ಹಾಕಬಹುದು. 14448ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ಮಾತಾಡುತ್ತಾರೆ. ಕಂಪನಿಗೆ ಬರೆದು 30 ದಿನ ಕಾದಿರಬೇಕು, ಅಥವಾ ಬಂದ ಉತ್ತರ ಒಪ್ಪಿಗೆ ಆಗಿರಬಾರದು. 2021ರ ಯೋಜನೆಯಲ್ಲಿ ನೇರ ನಷ್ಟಕ್ಕೆ 20 ಲಕ್ಷದವರೆಗೆ, ಅಲೆದಾಟ ಮತ್ತು ಮನೋವೇದನೆಗೆ 1 ಲಕ್ಷದವರೆಗೆ ಕೊಡಿಸುವ ಅಧಿಕಾರ ಇತ್ತು. ಈ ಮಿತಿಗಳು, ಗಡುವುಗಳು ಆಗಾಗ ಬದಲಾಗುತ್ತವೆ. ಹಾಕುವ ದಿನ 14448ಕ್ಕೆ ಕೇಳಿಕೊಳ್ಳಿ. ವಕೀಲರ ಮೂಲಕ ಹಾಕುವಂತಿಲ್ಲ. ಆದರೆ ಮಗನೋ ಮಗಳೋ ಪರವಾಗಿ ಹಾಕಬಹುದು. ಸೈನ್ಯದಲ್ಲಿದ್ದು ಗಡಿಯಲ್ಲಿ ಇರುವವರ ಮನೆಗಳಿಗೆ ಇದು ಅನುಕೂಲ.

ಇನ್ಶೂರೆನ್ಸ್ ಆದರೆ ಮೊದಲು ಕಂಪನಿ, ಆಮೇಲೆ ವಿಮಾ ನಿಯಂತ್ರಕರ ಬಿಮಾ ಭರೋಸಾ ಪೋರ್ಟಲ್, ಆಮೇಲೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್. ಷೇರು ಬ್ರೋಕರ್ ಆದರೆ ಷೇರು ಮಾರುಕಟ್ಟೆ ನಿಯಂತ್ರಕ ಸೆಬಿಯ ಸ್ಕೋರ್ಸ್ ಪೋರ್ಟಲ್. ಅಲ್ಲಿ ಕಂಪನಿ 21 ದಿನಗಳ ಒಳಗೆ ಉತ್ತರ ಕೊಡಬೇಕು.

ನಮ್ಮ ಊರೂರಿನ ವ್ಯವಸಾಯ ಸೇವಾ ಸಹಕಾರ ಸಂಘಗಳು ಆರ್‌ಬಿಐ ಒಂಬುಡ್ಸ್‌ಮನ್ ಅಡಿ ಬರುವುದಿಲ್ಲ. ಅವುಗಳ ವಿಷಯಕ್ಕೆ ಸಹಕಾರ ಇಲಾಖೆಗೆ ದೂರು ಕೊಡಿ, ಇಲ್ಲವೇ ಹಂತ 7ಕ್ಕೆ ಹೋಗಿ.

ಎಚ್ಚರಿಕೆ: ಅದೇ ವಿಷಯ ಕೋರ್ಟ್ ಅಥವಾ ಆಯೋಗದಲ್ಲಿ ಬಾಕಿ ಇದ್ದರೆ ಆರ್‌ಬಿಐ ಒಂಬುಡ್ಸ್‌ಮನ್ ನಿಮ್ಮ ದೂರನ್ನು ತೆಗೆದುಕೊಳ್ಳುವುದಿಲ್ಲ. ಆತುರದಲ್ಲಿ ಎಲ್ಲ ಕಡೆ ಒಟ್ಟಿಗೆ ಹಾಕಿದರೆ ಖರ್ಚಿಲ್ಲದ ಈ ದಾರಿ ಮುಚ್ಚಿಹೋಗುತ್ತದೆ. ನನ್ನ ಸಲಹೆ ಕೇಳಿದರೆ, ಬರೀ ಹೋದ ಹಣ ವಾಪಸ್ ಬೇಕು ಅನ್ನುವವರು ಮೊದಲು ಇಲ್ಲಿಗೆ ಬನ್ನಿ. ಕಂಪನಿಯ ನಿರ್ಲಕ್ಷ್ಯಕ್ಕೇ ಪರಿಹಾರ ಬೇಕು ಅನ್ನುವವರು ಗ್ರಾಹಕ ಆಯೋಗಕ್ಕೆ ಹೋಗಿ.

ಹಂತ 7: ಮಡಿಕೇರಿಯ ಗ್ರಾಹಕ ಆಯೋಗ

ಹೆಚ್ಚಿನವರಿಗೆ ಇದೇ ಒಳ್ಳೆಯ ದಾರಿ ಅಂತ ನನ್ನ ಲೆಕ್ಕ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಒಂದು ದೊಡ್ಡ ಬದಲಾವಣೆ ಆಯಿತು. ಕಂಪನಿ ಎಲ್ಲೇ ಇರಲಿ, ನೀವು ವಾಸ ಮಾಡುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಅಂದರೆ ಮಡಿಕೇರಿಯ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿ. ಕಂಪನಿಯೇ ಇಲ್ಲಿಗೆ ಬರಬೇಕು.

ಅದೇ ಕಾಯ್ದೆಯಲ್ಲಿ "ಅನುಚಿತ ವ್ಯಾಪಾರ ಪದ್ಧತಿ" ಅಂತ ಒಂದು ಪಟ್ಟಿ ಇದೆ. ಗ್ರಾಹಕ ನಂಬಿಕೆಯಿಂದ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಕಾನೂನಿನ ಆಧಾರ ಇಲ್ಲದೆ ಬೇರೆಯವರಿಗೆ ತಿಳಿಸುವುದೂ ಅದರಲ್ಲಿ ಸೇರಿದೆ. ಸೆಕ್ಷನ್ 2(47). ಕಂಪನಿಯೇ ಮಾಹಿತಿ ಹಂಚಿದ್ದರೆ ಇದನ್ನು ಹಿಡಿಯಿರಿ. ಹ್ಯಾಕ್ ಆಗಿದ್ದರೆ "ಸೇವೆಯಲ್ಲಿ ಕೊರತೆ" ಅಂತ ಬರೆಯಿರಿ. ಎಂದರೆ, ಕೊಡಬೇಕಾದಷ್ಟು ಜಾಗ್ರತೆಯ ಸೇವೆ ಕೊಟ್ಟಿಲ್ಲ ಅಂತ. ಎರಡರಲ್ಲಿ ಯಾವುದು ಅಂತ ಗೊತ್ತಿಲ್ಲದಿದ್ದರೆ ಎರಡನ್ನೂ ಬರೆಯಬಹುದು.

ಗಡುವು 2 ವರ್ಷ. ಜಿಲ್ಲಾ ಆಯೋಗದ ಮಿತಿ 50 ಲಕ್ಷ ರೂಪಾಯಿ. ಇದು ನೀವು ಕೇಳುವ ಪರಿಹಾರದ ಮೊತ್ತ ಅಲ್ಲ, ಸೇವೆಗೆ ನೀವು ಕಂಪನಿಗೆ ಕೊಟ್ಟ ಹಣದ ಮೊತ್ತ. ಅದು 5 ಲಕ್ಷದ ಒಳಗಿದ್ದರೆ ಶುಲ್ಕವೇ ಇಲ್ಲ. ಪ್ರೊಸೆಸಿಂಗ್ ಶುಲ್ಕ, ಬಡ್ಡಿ, ಪ್ರೀಮಿಯಂ ಕಟ್ಟಿದ ರಸೀದಿಗಳನ್ನು ಲಗತ್ತಿಸಿ. ಹಣ ಕೊಟ್ಟು ಸೇವೆ ಪಡೆದವರೇ ಗ್ರಾಹಕರು ಅಂತ ತೋರಿಸಲು ಅವು ಬೇಕು. "ಇವರು ಕಾಫಿ ವ್ಯಾಪಾರಕ್ಕೆ ಸಾಲ ತೆಗೆದವರು, ಗ್ರಾಹಕರೇ ಅಲ್ಲ" ಅಂತ ಕಂಪನಿ ವಕೀಲರು ವಾದ ಎತ್ತಬಹುದು. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಪಡೆದ ಸೇವೆಗೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ತೋಟ ನಿಮ್ಮ ಜೀವನೋಪಾಯ ಅಂತ ದೂರಿನ ಮೊದಲ ಪುಟದಲ್ಲೇ ಬರೆದುಬಿಡಿ.

ವಕೀಲರು ಕಡ್ಡಾಯ ಅಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು. ವಿಡಿಯೊ ಮೂಲಕ ವಿಚಾರಣೆ ಕೇಳುವ ಅವಕಾಶವೂ ಕಾಯ್ದೆಯಲ್ಲಿದೆ. ಮಳೆಗಾಲದಲ್ಲಿ ಘಟ್ಟದ ರಸ್ತೆ ಕುಸಿದಾಗ ಇದನ್ನು ಕೇಳಿಕೊಳ್ಳಿ. ಎಲ್ಲಿಂದ ಶುರು ಮಾಡುವುದು ಗೊತ್ತಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಮೂರು ತಿಂಗಳಲ್ಲಿ ಮುಗಿಸಬೇಕು ಅಂತ ಕಾಯ್ದೆ ಹೇಳುತ್ತದೆ. ನೀವು ಅದಕ್ಕಿಂತ ಜಾಸ್ತಿ ಸಮಯಕ್ಕೆ ತಯಾರಾಗಿರಿ. ತೀರ್ಪು ಒಪ್ಪಿಗೆ ಆಗದಿದ್ದರೆ 45 ದಿನಗಳ ಒಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ.

"ನಮ್ಮ ಊರಲ್ಲಿ ಇಪ್ಪತ್ತು ಜನಕ್ಕೆ ಆಗಿದೆ, ಒಟ್ಟಿಗೆ ಹಾಕಬಹುದಾ?" ಅಂತಲೂ ಕೇಳುತ್ತಾರೆ. ಹಾಕಬಹುದು. ಒಂದೇ ತೊಂದರೆ ಆದ ಹಲವರ ಪರವಾಗಿ ಕೆಲವರು ಆಯೋಗದ ಅನುಮತಿ ಪಡೆದು ದೂರು ಕೊಡಲು ಸೆಕ್ಷನ್ 35ರಲ್ಲಿ ಅವಕಾಶ ಇದೆ. ಆದರೆ ಅಮೆರಿಕದಲ್ಲಿ ಆದ ಹಾಗೆ ಇಲ್ಲೂ ಆಗುತ್ತದೆ ಅಂತ ಕಾಯಬೇಡಿ. ಅಲ್ಲಿ ಈಕ್ವಿಫ್ಯಾಕ್ಸ್ ಅನ್ನುವ ಸಾಲ ಮಾಹಿತಿ ಕಂಪನಿಯಿಂದ ಸುಮಾರು 14.7 ಕೋಟಿ ಜನರ ವಿವರ ಸೋರಿದ್ದು 2017ರಲ್ಲಿ ಬಯಲಾಯಿತು. 2019ರಲ್ಲಿ 70 ಕೋಟಿ ಡಾಲರ್‌ವರೆಗಿನ ರಾಜಿ ಆಯಿತು. ಕೇಳಲು ದೊಡ್ಡ ಮೊತ್ತ. ತಲೆಗೆ ಹಂಚಿ ನೋಡಿ, ಒಬ್ಬರಿಗೆ ಐದು ಡಾಲರ್ ಕೂಡ ಬೀಳುವುದಿಲ್ಲ. ಗುಂಪಿನಲ್ಲಿ ಹೋದರೂ ನಿಮ್ಮ ನಿಮ್ಮ ನಷ್ಟದ ಕಾಗದ ಬೇರೆ ಬೇರೆಯಾಗಿ ಇರಲಿ.

ಹಂತ 8: ಐಟಿ ಕಾಯ್ದೆಯ 43ಎ

ಇದು ಜನರಿಗೆ ಗೊತ್ತೇ ಇಲ್ಲದ ದಾರಿ. ಕಂಪನಿಯೊಂದು ಸೂಕ್ಷ್ಮ ಮಾಹಿತಿಯನ್ನು ಸರಿಯಾಗಿ ಕಾಪಾಡದೆ ನಿರ್ಲಕ್ಷ್ಯ ಮಾಡಿ, ಅದರಿಂದ ನಿಮಗೆ ನಷ್ಟ ಆಗಿದ್ದರೆ, ಪರಿಹಾರ ಕೊಡಬೇಕು ಅಂತ ಈ ಸೆಕ್ಷನ್ ಹೇಳುತ್ತದೆ. ಬ್ಯಾಂಕ್ ಖಾತೆ, ಕಾರ್ಡ್ ವಿವರ, ಪಾಸ್‌ವರ್ಡ್, ಆರೋಗ್ಯದ ಮಾಹಿತಿ, ಬೆರಳಚ್ಚು ಇವು "ಸೂಕ್ಷ್ಮ". ಬರೀ ಹೆಸರು, ಫೋನ್ ನಂಬರ್ ಸೋರಿದ್ದರೆ ಈ ದಾರಿ ಸಿಗುವುದಿಲ್ಲ.

ದೂರು ಕೊಡಬೇಕಾದದ್ದು ಕೋರ್ಟಿಗಲ್ಲ. ರಾಜ್ಯದ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಗೆ. ಅವರೇ ಈ ಕಾಯ್ದೆಯ ನ್ಯಾಯನಿರ್ಣಯ ಅಧಿಕಾರಿ. 5 ಕೋಟಿವರೆಗಿನ ಬೇಡಿಕೆ ಅವರ ಮುಂದೆ, ಅದಕ್ಕಿಂತ ಜಾಸ್ತಿ ಆದರೆ ಸಿವಿಲ್ ಕೋರ್ಟ್. ಕೇಳುವ ಮೊತ್ತ ಹೆಚ್ಚಾದಂತೆ ಶುಲ್ಕವೂ ಹೆಚ್ಚುತ್ತದೆ. ಬೆಂಗಳೂರಿಗೆ ಓಡಾಟ ಇದ್ದೇ ಇದೆ, ವಕೀಲರೂ ಬೇಕು. ಹಾಗಾಗಿ ಕೆಲವು ಸಾವಿರಕ್ಕೆ ಇಲ್ಲಿಗೆ ಹೋಗಬೇಡಿ. ಲಕ್ಷಗಟ್ಟಲೆ ಹೋಗಿದ್ದು, ಕಂಪನಿಯ ತಪ್ಪು ಕಾಗದದಲ್ಲಿ ಕಾಣುತ್ತಿದ್ದರೆ ಮಾತ್ರ ಯೋಚಿಸಿ.

ಇದರ ಬಾಗಿಲು ಮುಚ್ಚುವ ಸಮಯವೂ ಹತ್ತಿರ ಇದೆ. 2023ರಲ್ಲಿ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಭಾಗಗಳು ಜಾರಿಗೆ ಬರಲು 18 ತಿಂಗಳು, ಅಂದರೆ 2027ರ ಮೇ ತನಕ ಸಮಯ ಕೊಟ್ಟಿದ್ದಾರೆ. ಆಗ ಹಳೆಯ 43ಎ ತೆಗೆದುಹಾಕಲಾಗುತ್ತದೆ. ಹೊಸ ಕಾಯ್ದೆಯಲ್ಲಿ ಮಾಹಿತಿ ಕಾಪಾಡದ ಕಂಪನಿಗೆ 250 ಕೋಟಿವರೆಗೆ ದಂಡ ಇದೆ. ಸೋರಿಕೆಯನ್ನು ಜನರಿಗೆ ತಿಳಿಸದೆ ಮುಚ್ಚಿಟ್ಟರೆ 200 ಕೋಟಿವರೆಗೆ. ಪತ್ರಿಕೆಯಲ್ಲಿ ಈ ಅಂಕಿ ನೋಡಿ "ಇನ್ನು ನಮಗೆ ಪರಿಹಾರ ಗ್ಯಾರಂಟಿ" ಅಂದುಕೊಂಡವರು ತುಂಬಾ ಜನ. ಆ ದಂಡ ಹೋಗುವುದು ಸರ್ಕಾರದ ಖಜಾನೆಗೆ. ನಿಮಗೆ ಅದರಿಂದ ಒಂದು ರೂಪಾಯಿಯೂ ಬರುವುದಿಲ್ಲ. ಹೊಸ ಕಾಯ್ದೆ ಪೂರ್ತಿ ಬಂದ ಮೇಲೆ ಕಂಪನಿ ತಡಮಾಡದೆ ನಿಮಗೆ ಸೋರಿಕೆಯನ್ನು ತಿಳಿಸಬೇಕು. ಆ ತಿಳಿವಳಿಕೆ ಪತ್ರವನ್ನೇ ಗ್ರಾಹಕ ಆಯೋಗದಲ್ಲಿ ಸಾಕ್ಷಿಯಾಗಿ ಬಳಸಿಕೊಳ್ಳಬಹುದು. ನಮ್ಮಂಥವರಿಗೆ ಸದ್ಯಕ್ಕೆ ಅದರ ದೊಡ್ಡ ಉಪಯೋಗ ಅಷ್ಟೇ ಅಂತ ನನಗನ್ನಿಸುತ್ತದೆ.

ನಿಮ್ಮ ಹೆಸರಿನಲ್ಲಿ ಸಾಲ ಕಂಡರೆ

ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್. ನಿಮ್ಮ ಸಾಲದ ಚರಿತ್ರೆ ಇಟ್ಟುಕೊಳ್ಳುವ ಕಂಪನಿಗಳು ಇವು ನಾಲ್ಕು. ಮೇಲೆ ಹೇಳಿದ ಈಕ್ವಿಫ್ಯಾಕ್ಸ್‌ನ ಭಾರತದ ಕಂಪನಿಯೂ ಇದರಲ್ಲಿದೆ. ವರದಿಯಲ್ಲಿ ನೀವು ತೆಗೆಯದ ಸಾಲ ಕಂಡರೆ ಆ ವೆಬ್‌ಸೈಟ್‌ನಲ್ಲೇ ತಕರಾರು ಹಾಕಿ. ಸಾಲ ಕೊಟ್ಟ ಕಂಪನಿಗೂ ಎಫ್‌ಐಆರ್ ಪ್ರತಿ ಜೊತೆ ಬರೆಯಿರಿ. 30 ದಿನಗಳ ಒಳಗೆ ಸರಿಪಡಿಸಬೇಕು. ತಪ್ಪಿದರೆ ದಿನಕ್ಕೆ 100 ರೂಪಾಯಿಯಂತೆ ನಿಮಗೆ ಪರಿಹಾರ ಕೊಡಬೇಕು ಅಂತ ಆರ್‌ಬಿಐ 2023ರ ಅಕ್ಟೋಬರ್‌ನಲ್ಲಿ ಆದೇಶ ಮಾಡಿದೆ. ಕೇಳದಿದ್ದರೆ ಕೊಡುವುದಿಲ್ಲ, ಕೇಳಿ.

ವಸೂಲಿಗೆ ಬಂದವರ ಕಾಟ ತಾಳಲಾರದೆ "ಒಂದು ಕಂತು ಕಟ್ಟಿಬಿಡೋಣ" ಅನ್ನಬೇಡಿ. ಒಂದು ಕಂತು ಕಟ್ಟಿದರೂ ಸಾಲ ನಿಮ್ಮದೇ ಅಂತ ಒಪ್ಪಿಕೊಂಡಂತೆ ಅವರು ತೋರಿಸುತ್ತಾರೆ.

ಬೀಳಬಾರದ ಇನ್ನು ಕೆಲವು ಗುಂಡಿಗಳು

ಸೋರಿಕೆಯ ಸುದ್ದಿ ಹಬ್ಬಿದ ವಾರದಲ್ಲೇ "ಪರಿಹಾರ ಕೊಡಿಸುತ್ತೇವೆ, ನೋಂದಣಿಗೆ 999 ರೂಪಾಯಿ" ಅನ್ನುವವರು ಹುಟ್ಟಿಕೊಳ್ಳುತ್ತಾರೆ. ಒಂಬುಡ್ಸ್‌ಮನ್ ಹೆಸರಿನಲ್ಲೂ ಕರೆ ಬರುತ್ತದೆ. ನಿಜವಾದ ಒಂಬುಡ್ಸ್‌ಮನ್ ಹಣ ಕೇಳುವುದಿಲ್ಲ, ಓಟಿಪಿಯನ್ನೂ ಕೇಳುವುದಿಲ್ಲ.

ಕಂಪನಿ ಸ್ವಲ್ಪ ಹಣ ಕೊಟ್ಟು "ಇನ್ನು ಯಾವ ಬೇಡಿಕೆಯೂ ಇಲ್ಲ" ಅನ್ನುವ ಕಾಗದಕ್ಕೆ ಸಹಿ ಕೇಳಬಹುದು. ಸಹಿ ಹಾಕಿದರೆ ಮುಂದಿನ ದಾರಿಗಳು ಬಹುತೇಕ ಮುಗಿದಂತೆ. ಮನೆಗೆ ತಂದು, ಯಾರಿಗಾದರೂ ತೋರಿಸಿ ಹಾಕಿ.

ವಕೀಲರಿಗೆ ಕೊಡಲು ಕಾಸಿಲ್ಲದಿದ್ದರೆ ಮಡಿಕೇರಿಯಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ. ಸಹಾಯವಾಣಿ 15100. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ.

ಹಣ ಹೋಗಿಲ್ಲ, ಮಾಹಿತಿ ಮಾತ್ರ ಸೋರಿದೆ ಅನ್ನುವವರಿಗೆ ಇನ್ನೊಂದು ಕೆಲಸ ಇದೆ. ಸೋರಿದ ಮಾಹಿತಿಯನ್ನು ಕಳ್ಳರು ತಕ್ಷಣ ಬಳಸಬೇಕೆಂದೇನಿಲ್ಲ, ವರ್ಷ ಬಿಟ್ಟು ಬಳಸಿದರೂ ಬಳಸಿದರೇ. ಸಿಬಿಲ್ ಮೊದಲಾದ ಸಾಲದ ಚರಿತ್ರೆಯ ನಾಲ್ಕೂ ಕಂಪನಿಗಳು ವರ್ಷಕ್ಕೆ ಒಂದು ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ನಾಲ್ಕನ್ನೂ ಒಂದೇ ದಿನ ತೆಗೆಯಬೇಡಿ. ಜನವರಿಗೆ ಒಂದು, ಏಪ್ರಿಲ್‌ಗೆ ಒಂದು, ಜುಲೈಗೆ ಒಂದು, ಅಕ್ಟೋಬರ್‌ಗೆ ಒಂದು. ಗೋಡೆಯ ಕ್ಯಾಲೆಂಡರ್‌ನಲ್ಲಿ ಈಗಲೇ ಗುರುತು ಹಾಕಿ, ಕಂಪನಿಗೆ ಬರೆದ ಪತ್ರದ 30ನೇ ದಿನವನ್ನೂ ಅದರಲ್ಲೇ ಸುತ್ತು ಹಾಕಿಡಿ.